ಎರಡೂ ಎಡಗೈ

ನೊಲೀನ್ ಪ್ರಿಚರ್ಡ್ ಒಂದೇ ಕಥೆಯನ್ನು ಆರು ಮಕ್ಕಳ ಹೆಸರಿನಲ್ಲಿ ಬರೆದದ್ದು ಜೂನ್ ತಿಂಗಳ ಮೂರನೆಯ ವಾರದಲ್ಲಿ. ಆ ವಾರ ವೈರೋವಾದಲ್ಲಿ ಊರಿಗೆ ಊರೇ ಅಲ್ಲಿನ ಚಳಿಗಾಲದ ಜ್ವರ ಹಿಡಿದು ಮಲಗಿತ್ತು. ನದಿದಂಡೆಯ ಶಿಶುವಿಹಾರದ ನಾಲ್ವರು ಟೀಚರುಗಳಲ್ಲಿ ಇಬ್ಬರು ಹಾಸಿಗೆ ಬಿಟ್ಟೇಳಲಿಲ್ಲ. ಜ್ವರ ಬಾರದ ಮಕ್ಕಳೆಲ್ಲ ಮೂಗು ಸೋರಿಸಿಕೊಂಡು ತಪ್ಪದೆ ಬರುತ್ತಿದ್ದರು.

ಪ್ರತಿ ಮಗುವಿಗೂ ತಿಂಗಳಿಗೊಂದು ಕಲಿಕೆಯ ಕಥೆ ಬರೆಯಬೇಕೆಂಬುದು ನಿಯಮ. ಮಗು ಏನು ಮಾಡಿತು, ಅದರಿಂದ ಏನು ಕಲಿತಂತಾಯಿತು, ಮುಂದೇನು ಮಾಡಿಸಬೇಕೆಂದಿದ್ದೇವೆ, ಇಷ್ಟನ್ನೂ ಒಂದು ಫೋಟೋ ಸಮೇತ ಮಗುವಿನ ಫೈಲಿಗೆ ಹಾಕಬೇಕು. ಪುಟದ ಕೊನೆಯಲ್ಲಿ 'ಮನೆಯವರ ಮಾತು' ಎಂದು ನಾಲ್ಕು ಗೆರೆ ಎಳೆದಿರುತ್ತದೆ. ನೊಲೀನಳ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಆ ಗೆರೆಗಳ ಮೇಲೆ ಹೆಚ್ಚಾಗಿ ಬಂದದ್ದು 'ಥ್ಯಾಂಕ್ಸ್' ಎಂಬ ಮಾತು. ಅದು ಬಿಟ್ಟರೆ ಕಾಫಿ ಲೋಟದ ಉಂಗುರ.

ಅವಳ ಪಾಲಿಗೆ ಎಂಟು ಮಕ್ಕಳು. ಮಲಗಿದವರ ಪಾಲೂ ಸೇರಿ ಆ ತಿಂಗಳು ಇಪ್ಪತ್ತಾದವು. ಗುರುವಾರದ ಹೊತ್ತಿಗೆ ಹದಿನಾಲ್ಕು ಮುಗಿಸಿದಳು. ಇನ್ನಾರು ಉಳಿದವು. ಕ್ಯಾಮೆರಾದಲ್ಲಿ ಹದಿನಾಲ್ಕನೆಯ ತಾರೀಕಿನ ಒಂದು ಚಂದದ ಫೋಟೋ ಇತ್ತು. ಅಂಗಳದ ನೀರಿನ ಆಟದಲ್ಲಿ ಸೀಳಿದ ಎರಡು ಪೈಪು ಸೇರುವ ಜಾಗವನ್ನು ಎರಡು ಪುಟ್ಟ ಕೈಗಳು ನೀರು ಸೋರದಂತೆ ಒತ್ತಿ ಹಿಡಿದಿದ್ದವು. ಮುಖ ಕಾಣುತ್ತಿರಲಿಲ್ಲ. ತೋಳಿನ ಮೇಲಿದ್ದದ್ದು ಶಿಶುವಿಹಾರದ ಹಳದಿ ಮಳೆಯಂಗಿ, ಎಲ್ಲ ಮಕ್ಕಳಿಗೂ ಅದೇ. ನೊಲೀನ್ ಆ ಕೈಗಳ ಬಗ್ಗೆ ಒಂದು ಕಥೆ ಬರೆದಳು. 'ಮೂರು ಸಲ ಸೋರಿದರೂ ಎದೆಗುಂದದೆ, ಯಾರ ನೆರವೂ ಇಲ್ಲದೆ, ತಾನೇ ಉಪಾಯ ಕಂಡುಕೊಂಡ' ಮಗುವಿನ ಕಥೆ. ಹೆಸರು ಬದಲಿಸಿ ಆರು ಸಲ ಅಚ್ಚು ಹಾಕಿದಳು. ಆರನೆಯದನ್ನು ಫೈಲಿಗೆ ಸೇರಿಸಿ ಮನೆಗೆ ಹೋಗಿ ತಾನೂ ಜ್ವರ ಬಂದು ಮಲಗಿದಳು.

ಆರರಲ್ಲಿ ಒಂದು ಹೊಸದಾಗಿ ಸೇರಿದ್ದ ರಾಹೆರಾಳ ಫೈಲಿಗೆ ಹೋಗಿತ್ತು. ರಾಹೆರಾಳ ತಾಯಿ ಮರದ ದಿಮ್ಮಿಯ ಲಾರಿ ಓಡಿಸುವವಳು, ಬೆಳಗಿನ ಜಾವ ನಾಲ್ಕಕ್ಕೇ ನೇಪಿಯರ್ ಬಂದರಿನ ದಾರಿ ಹಿಡಿಯುತ್ತಿದ್ದಳು. ಹಾಗಾಗಿ ಮಗುವನ್ನು ಕರೆತರುವುದು, ಕರೆದೊಯ್ಯುವುದು, ಫೈಲು ಓದುವುದು, ಎಲ್ಲವೂ ತಾತನ ಕೆಲಸ. ತಾತನ ಹೆಸರು ತಮಿಹಾನ ವಾಕಾ. ಊರಿಗೆಲ್ಲ ಅವರು ಕೋರೊ, ಅಂದರೆ ತಾತ. ಮಾಂಸದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ, ಕೊಕ್ಕೆಗೆ ನೇತುಹಾಕಿದ ಕುರಿಗಳನ್ನು ಒಂದೊಂದಾಗಿ ನೋಡಿ, ದರ್ಜೆ ಬರೆದು, ಕೆಳಗೆ ಸಹಿ ಹಾಕಿದವರು. ಓದಿದ್ದಕ್ಕೆ ಉತ್ತರ ಬರೆಯದೆ ಬಿಡುವ ಅಭ್ಯಾಸ ಅವರಿಗಿರಲಿಲ್ಲ.

ಮುಂದಿನ ಬುಧವಾರ ನೊಲೀನ್ ಕೆಮ್ಮುತ್ತಾ ಬಂದು ಫೈಲು ತೆರೆದಾಗ ಆ ನಾಲ್ಕು ಗೆರೆಗಳು ತುಂಬಿದ್ದವು.

'ಜೂನ್ ಹದಿನಾಲ್ಕರಂದು ರಾಹೆರಾ ಬಂದಿರಲಿಲ್ಲ. ಕಿವಿನೋವು. ಐದನೆಯ ಸಾಲಿನಲ್ಲಿ ಈ ಉಪಾಯವನ್ನು "ಲಾಕ್ಲನ್ ಕಂಡುಕೊಂಡನು" ಎಂದಿದೆ. ಲಾಕ್ಲನ್‌ಗೆ ನಮ್ಮ ಅಭಿನಂದನೆ ತಿಳಿಸಿ. ರಾಹೆರಾ ಆ ದಿನ ಮಾಡಿದ್ದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ತ. ವಾಕಾ.'

ನೊಲೀನಳ ಕಿವಿ ಬಿಸಿಯಾಯಿತು. ಜ್ವರ ಬಿಟ್ಟು ಎರಡು ದಿನವಾಗಿತ್ತು, ಅದರ ಮೇಲೆ ಹೊರಿಸುವಂತಿರಲಿಲ್ಲ. ಬೇರೆ ಹಾಳೆ ಗುಂಡುಪಿನ್ನಿನಲ್ಲಿ ಸಿಕ್ಕಿಸಿತ್ತು. ಅವಳು ನಿಂತೇ ಓದಿದಳು.

'8.45. ಬಲಗಾಲಿನ ಬೂಟನ್ನು ಎಡಗಾಲಿಗೆ ಹಾಕಿಕೊಂಡಳು. 8.50. ಸರಿಪಡಿಸಲು ಹೋದೆ. ಬೇಡವೆಂದಳು. 9.30. ಹಾಗೆಯೇ ಔಷಧದ ಅಂಗಡಿಗೆ ಹೊರಟು ಸೇತುವೆ ದಾಟಿದೆವು. ಕಾಲು ನೋಯುತ್ತದೆಯೇ ಎಂದು ಕೇಳಿದೆ. ಹೌದು ಎಂದಳು. 9.50. ಕಟ್ಟೆಯ ಮೇಲೆ ಕೂತು ತಾನೇ ಬದಲಾಯಿಸಿಕೊಂಡಳು. ಯಾರಿಗೂ ಹೇಳಬಾರದೆಂದಳು. ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.'

ನೊಲೀನ್ ಅದನ್ನು ಎರಡು ಸಲ ಓದಿದಳು. ಒಂದೇ ಒಂದು ಹೊಗಳಿಕೆಯ ಮಾತಿಲ್ಲ. ಆದರೂ ಮಗು ಎದುರಿಗೇ ಬಂದು ಕೂತಂತಿತ್ತು.

ಅಲ್ಲಿಂದ ಮುಂದೆ ಕೋರೊ ನಿಲ್ಲಿಸಲಿಲ್ಲ. ದಿನಕ್ಕೊಂದು ಹಾಳೆ ಬಂತು. ಎರಡು ವಾರದಲ್ಲಿ ಹನ್ನೊಂದಾದವು. ಮುಖ್ಯ ಟೀಚರ್ ಡೀಡ್ರ ಅವನ್ನು ಓದಿ ಖುಷಿಯಲ್ಲಿ ನೊಲೀನಳ ಹತ್ತಿರ ಬಂದಳು. ಮೂರು ವಾರದಲ್ಲಿ ತಪಾಸಣೆಯವರು ಬರುವುದಿತ್ತು. ಅವರು ಮೊದಲು ನೋಡುವುದೇ ಮನೆಯವರು ಏನಾದರೂ ಬರೆದಿದ್ದಾರೆಯೇ ಎಂದು.

"ಇಷ್ಟು ವರ್ಷ ಬೇಡಿಕೊಂಡ್ರೂ ಒಬ್ರೂ ಒಂದಕ್ಷರ ಬರೀಲಿಲ್ಲ. ಈಗ ನೋಡು, ಬಂಗಾರದಂಥ ಹನ್ನೊಂದು ಹಾಳೆ. ಈ ಫೈಲನ್ನೇ ಮೇಲಿಡೋಣ," ಎಂದಳು ಡೀಡ್ರ.

"ಮೊದಲನೇ ಪುಟ ಓದಿದ್ಯಾ?" ಎಂದಳು ನೊಲೀನ್.

"ಇಲ್ಲ."

"ಓದು."

ಡೀಡ್ರ ಓದಿದಳು. ಫೈಲು ಮುಚ್ಚಿದಳು. "ಎಷ್ಟು ಮಕ್ಕಳಿಗೆ?"

"ಆರು."

"ನಿಜವಾಗಿ ಮಾಡಿದ್ದು ಯಾರು?"

"ಗೊತ್ತಿಲ್ಲ."

"ಆ ಪುಟ ತೆಗೆದುಬಿಡು. ಆರು ಫೈಲಿಂದ್ಲೂ. ಯಾರು ಲೆಕ್ಕ ಹಾಕ್ತಾರೆ?"

"ಕೋರೊ ಹಾಕ್ತಾರೆ."

ಅದು ಹೌದೆಂದು ಇಬ್ಬರಿಗೂ ಅನ್ನಿಸಿತು. ಹಾಗಾದರೆ ಅವರನ್ನೇ ಹೋಗಿ ಕೇಳು ಎಂದು ಡೀಡ್ರ ಹೇಳಿಬಿಟ್ಟಳು.

ಶನಿವಾರ ನೊಲೀನ್ ಒಂದು ಬಾಳೆಹಣ್ಣಿನ ಕೇಕು ಮಾಡಿಕೊಂಡು ಕೋರೊ ಮನೆಗೆ ಹೋದಳು. ಅವರು ಹಿತ್ತಲ ಶೆಡ್ಡಿನಲ್ಲಿ ಹಾವುಮೀನನ್ನು ಹೊಗೆಗೆ ಹಾಕುತ್ತಿದ್ದರು. ರಾಹೆರಾ ಒಂದು ಡ್ರಮ್ಮಿನ ಮೇಲೆ ಕೂತು ತಂತಿ ಕೊಡುವ ಕೆಲಸದಲ್ಲಿದ್ದಳು. ನೊಲೀನಳನ್ನು ನೋಡಿ, "ಇವತ್ತು ಶನಿವಾರ," ಎಂದಳು.

"ಗೊತ್ತು," ಎಂದಳು ನೊಲೀನ್. ಕೇಕನ್ನು ಬೆಂಚಿನ ಮೇಲಿಟ್ಟಳು. "ಕೋರೊ, ನಾನು ತಪ್ಪು ಮಾಡಿದೆ. ಒಂದೇ ಕಥೇನ ಆರು ಮಕ್ಕಳಿಗೆ ಹಾಕಿದೆ."

"ಅದು ಗೊತ್ತಾಯ್ತು. ಎಷ್ಟು ಅನ್ನೋದು ಗೊತ್ತಿರಲಿಲ್ಲ." ಅವರು ಇನ್ನೊಂದು ಮೀನನ್ನು ತಂತಿಗೆ ಸಿಕ್ಕಿಸಿದರು. "ಜ್ವರ ಇತ್ತಾ?"

"ಆಮೇಲೆ ಬಂತು."

"ಹಾಗಾದ್ರೆ ಜ್ವರದ್ದೇನಲ್ಲ."

"ಅಲ್ಲ. ಆ ಪುಟ ತೆಗೀಬಹುದಾ ಅಂತ ಕೇಳೋಕೆ ಬಂದೆ. ನಿಮ್ಮ ಸಹಿ ಅದ್ರ ಮೇಲಿದೆ."

ಕೋರೊ ಕೈ ಒರೆಸಿಕೊಂಡು ಕೇಕಿನ ಒಂದು ತುಂಡು ಮುರಿದು ಮೊಮ್ಮಗಳಿಗೆ ಕೊಟ್ಟರು, ಒಂದನ್ನು ತಾವು ತಿಂದರು. ಪೂರ್ತಿ ತಿಂದ ಮೇಲೆಯೇ ಮಾತಾಡಿದರು. "ನಮ್ಮಲ್ಲಿ ದರ್ಜೆ ತಪ್ಪು ಬರೆದ್ರೆ ಹಾಳೆ ಹರೀತಿರಲಿಲ್ಲ, ಮಗಾ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಸಹಿ ಹಾಕ್ಬೇಕು. ಹರಿದವನನ್ನ ಮನೆಗೆ ಕಳಿಸ್ತಿದ್ರು. ತಪ್ಪು ಬರೆದವನನ್ನ ಕಳಿಸ್ತಿರಲಿಲ್ಲ. ಹಾಗೆ ಕಳಿಸಿದ್ರೆ ಕೆಲಸಕ್ಕೆ ಯಾರು ಉಳೀತಿದ್ರು?"

"ಸರಿಯಾದ್ದು ಏನಂತ ಬರೀಲಿ? ಆ ಕೈ ಯಾರದ್ದು ಅಂತಾನೇ ಗೊತ್ತಿಲ್ಲ."

"ಯಾರದ್ದು ಅಂತ ನಂಗೂ ಗೊತ್ತಿಲ್ಲ. ಎಷ್ಟು ಜನದ್ದು ಅಂತ ಗೊತ್ತು."

ನೊಲೀನ್ ಅವರ ಮುಖ ನೋಡಿದಳು.

"ಎರಡೂ ಎಡಗೈ," ಎಂದರು ಕೋರೊ. "ದಿನಕ್ಕೆ ಸಾವಿರ ಕುರಿ ನೋಡಿದ ಕಣ್ಣು ಇದು. ಎಡ ಯಾವುದು ಬಲ ಯಾವುದು ಅಂತ ನಂಗೆ ಹೇಳಿಕೊಡ್ಬೇಡ."

ನೊಲೀನ್ ಚೀಲದಿಂದ ಫೋಟೋ ತೆಗೆದಳು. ತನ್ನ ಎಡಗೈಯನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದಳು, ಬಲಗೈ ಹಿಡಿದು ನೋಡಿದಳು, ಮತ್ತೆ ಎಡಗೈ. ಎರಡು ಹೆಬ್ಬೆರಳುಗಳೂ ಒಂದೇ ಕಡೆಗಿದ್ದವು. ಎರಡು ಮಕ್ಕಳು ಭುಜಕ್ಕೆ ಭುಜ ತಾಗಿಸಿ ನಿಂತು ಮಾಡಿದ ಕೆಲಸವನ್ನು ಅವಳು 'ಯಾರ ನೆರವೂ ಇಲ್ಲದೆ' ಎಂದು ಆರು ಸಲ ಬರೆದಿದ್ದಳು.

ಸೋಮವಾರ ಮಕ್ಕಳು ಚಾಪೆಯ ಮೇಲೆ ಕೂತಾಗ ಫೋಟೋ ಎತ್ತಿ ಹಿಡಿದು ಕೇಳಿದಳು. "ಈ ಕೈ ಯಾರದ್ದು?"

ಇಪ್ಪತ್ತೇಳು ಮಕ್ಕಳು ತಮ್ಮದೆಂದರು. ಒಬ್ಬಳು ತನ್ನ ಅಮ್ಮನದೆಂದಳು. ರಾಹೆರಾ ಮಾತ್ರ, "ನಂದಲ್ಲ. ನಂಗೆ ಕಿವಿನೋವಿತ್ತು," ಎಂದಳು.

ಆಮೇಲೆ ನೊಲೀನ್ ಬಹಳ ವರ್ಷದಿಂದ ಮಾಡದ ಒಂದು ಕೆಲಸ ಮಾಡಿದಳು. ಅದೇ ಎರಡು ಪೈಪುಗಳನ್ನು ಅಂಗಳದ ಅದೇ ಜಾಗದಲ್ಲಿಟ್ಟು, ಕ್ಯಾಮೆರಾವನ್ನು ಒಳಗೇ ಬಿಟ್ಟು, ಸುಮ್ಮನೆ ಕೂತಳು. ಮೊದಲ ದಿನ ಪೈಪುಗಳು ಕತ್ತಿಗಳಾದವು. ಎರಡನೆಯ ದಿನ ಮಳೆ. ಮೂರನೆಯ ದಿನ ಲಾಕ್ಲನ್ ಬಂದು ನೀರು ಸುರಿದ. ಸೋರಿತು. ಇಸ್ಲಾ ಎಂಬ ಹುಡುಗಿ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆ ಮಗು ಇಡೀ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕೊನೆಗೆ ಬಲಗೈಯಲ್ಲಿ ತನ್ನ ಲೋಟ ಬಿಡದೆ ಎಡಗೈಯನ್ನು ಸಂದಿಯ ಮೇಲೆ ಒತ್ತಿದಳು. ಸಾಲಲಿಲ್ಲ. ಲಾಕ್ಲನ್‌ನ ಬಲಗೈಯಲ್ಲಿ ನೀರಿನ ಜಗ್ಗು ಇತ್ತು. ಅವನೂ ಎಡಗೈ ಕೊಟ್ಟ. ನೀರು ಹರಿದು ಆಚೆ ತುದಿಯ ಬಕೆಟ್ಟಿಗೆ ಬಿತ್ತು. ಇಬ್ಬರೂ ಏನೂ ಹೇಳದೆ ಮತ್ತೆ ಮಾಡಿದರು.

ಮಧ್ಯಾಹ್ನ ಕೋರೊ ಬಂದಾಗ ನೊಲೀನ್ ಗೇಟಿನ ತನಕ ಓಡಿಹೋಗಿ ಹೇಳಿದಳು. "ಸಿಕ್ರು, ಕೋರೊ. ಲಾಕ್ಲನ್, ಇಸ್ಲಾ. ಕಣ್ಣಾರೆ ನೋಡಿದೆ."

"ಯಾವತ್ತು?"

"ಇವತ್ತು."

"ಹಾಗಾದ್ರೆ ಇವತ್ತಿಂದು ಬರಿ. ಹದಿನಾಲ್ಕನೇ ತಾರೀಕಿಗೆ ಅದು ಸಾಕ್ಷಿಯಲ್ಲ."

ನೊಲೀನ್ ಒಂದು ಕ್ಷಣ ಅವರ ಮೇಲೆ ಸಿಟ್ಟಾದಳು. ಮನೆಗೆ ಹೋಗುವ ದಾರಿಯಲ್ಲಿ ಆ ಸಿಟ್ಟು ತಾನಾಗಿಯೇ ಇಳಿಯಿತು.

ಆರೂ ಪುಟಗಳ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಕೈಬರಹದಲ್ಲಿ ಬರೆದಳು: 'ಇದನ್ನು ನಿಮ್ಮ ಮಗು ಮಾಡಿತೆಂದು ನಾನು ಹೇಳಲಾರೆ. ಫೋಟೋದಲ್ಲಿರುವುದು ಇಬ್ಬರು ಮಕ್ಕಳ ಎಡಗೈ. ಯಾರದೆಂದು ಗೊತ್ತಿಲ್ಲ. ನೋಡದೆ ಬರೆದದ್ದು ನನ್ನ ತಪ್ಪು. ನೊಲೀನ್ ಪ್ರಿಚರ್ಡ್.' ಆಮೇಲೆ ಆರು ಮನೆಯವರಿಗೂ ಒಬ್ಬೊಬ್ಬರಿಗಾಗಿ ಬಾಯಲ್ಲೂ ಹೇಳಿದಳು.

ಮೂವರು ಪುಟವನ್ನು ಓದಿಯೇ ಇರಲಿಲ್ಲ. ಲಾಕ್ಲನ್‌ನ ತಾಯಿ, "ಅಯ್ಯೋ ಅದನ್ನ ತಿದ್ದೋಕೆ ಹೋಗ್ಬೇಡ ಮಾರಾಯ್ತಿ, ಡನೀಡಿನ್ನಲ್ಲಿರೋ ಅವನ ಅಜ್ಜಿ ಕಟ್ಟು ಹಾಕಿಸಿ ಗೋಡೆಗೆ ಹಾಕಿದಾಳೆ," ಎಂದಳು. ನೊಲೀನ್ ತಿದ್ದುಪಡಿಯ ಒಂದು ಪ್ರತಿಯನ್ನು ಅಜ್ಜಿಗೂ ಕಳಿಸಿದಳು. ಕಟ್ಟಿನೊಳಗೆ ಅದಕ್ಕೂ ಜಾಗವಾಯಿತೆಂದು ಅಜ್ಜಿ ಉತ್ತರ ಬರೆದಳು.

ಸಿಟ್ಟಾದವಳು ಇಸ್ಲಾಳ ತಾಯಿ, ಹಲ್ಲಿನ ಆಸ್ಪತ್ರೆಯ ನರ್ಸು ಕೆರಿನ್. ಅವಳು ಕೂಗಾಡಲಿಲ್ಲ. ಫೈಲನ್ನು ಎದೆಗವುಚಿಕೊಂಡು ನಿಂತೇ ಕೇಳಿದಳು. "ಇವಳು ಮನೇಲೂ ಮಾತಾಡಲ್ಲ. ಇಲ್ಲಿ ಏನ್ಮಾಡ್ತಾಳೆ ಅಂತ ನಂಗೆ ಗೊತ್ತಾಗೋದು ಈ ಫೈಲಿಂದ ಮಾತ್ರ. ಇದ್ರಲ್ಲಿ ಇನ್ನೆಷ್ಟು ಸುಳ್ಳಿದೆ?"

"ಇದೊಂದೇ."

"ನಾನು ಹೇಗೆ ನಂಬ್ಲಿ?"

"ನಂಬೋಕೆ ಕಷ್ಟಾನೇ," ಎಂದಳು ನೊಲೀನ್. ಪೈಪಿನ ದಿನ ತಾನು ಕಂಡದ್ದನ್ನು ಬರೆದ ಹೊಸ ಪುಟವನ್ನು ಮುಂದೆ ಹಿಡಿದಳು. ಕೆರಿನ್ ತೆಗೆದುಕೊಳ್ಳದೆ ಹೊರಟುಹೋದಳು.

ತಪಾಸಣೆಯ ಅಧಿಕಾರಿ ಗೊತ್ತುಪಡಿಸಿದ ದಿನವೇ ಬಂದಳು. ಚಹಾ ಬೇಡವೆಂದಳು. ಮೇಲಿಟ್ಟಿದ್ದ ಫೈಲನ್ನು ಬಿಟ್ಟು ನಡುವಿನಿಂದ ಒಂದನ್ನು ಎಳೆದಳು. ಅದು ಇಸ್ಲಾಳದು. ಡೀಡ್ರ ಎದ್ದು ಹೀಟರನ್ನು ಸುಮ್ಮನೆ ಆರಿಸಿ ಮತ್ತೆ ಹಾಕಿದಳು.

"ಈ ಗೆರೆ ಯಾರು ಎಳೆದದ್ದು?" ಎಂದಳು ಅಧಿಕಾರಿ.

"ನಾನೇ," ಎಂದಳು ನೊಲೀನ್. "ಕೆಳಗಿನ ಸುಳ್ಳು ಬರೆದದ್ದೂ ನಾನೇ."

"ಒಂದು ಕಥೆಗೆ ಎಷ್ಟು ಹೊತ್ತು ಬೇಕಾಗುತ್ತೆ?"

"ನಿಜದ್ದಾದ್ರೆ ಒಂದೂವರೆ ಗಂಟೆ. ಇಂಥದ್ದಾದ್ರೆ ಐದು ನಿಮಿಷ."

"ತಿಂಗಳಿಗೆ ಎಷ್ಟು ಬರೀಬೇಕು?"

"ಎಂಟು. ಬರೆಯೋಕೆ ಅಂತ ಕೊಡೋದು ವಾರಕ್ಕೆರಡು ಗಂಟೆ."

ಅಧಿಕಾರಿ ಪುಸ್ತಕದ ಅಂಚಿನಲ್ಲಿ ಗುಣಿಸಿದಳು. ಬಂದ ಉತ್ತರ ಅವಳಿಗೂ ಇಷ್ಟವಾದಂತೆ ಕಾಣಲಿಲ್ಲ. ಆರು ವಾರದ ಮೇಲೆ ವರದಿ ಬಂತು. ದಾಖಲೆ ತಪ್ಪಿದ್ದು ಗಮನಕ್ಕೆ ಬಂದಿದೆ, ತಿದ್ದಿದ್ದೂ ಗಮನಕ್ಕೆ ಬಂದಿದೆ, ಕಥೆಗಳ ಸಂಖ್ಯೆ ಮತ್ತು ಸಮಯ ತಾಳೆಯಾಗುವುದಿಲ್ಲ ಎಂದಿತ್ತು. ಡೀಡ್ರ ಅದನ್ನು ಓದಿ, ಇನ್ನು ಮೇಲೆ ಎರಡು ತಿಂಗಳಿಗೊಂದು ಸಾಕು ಎಂದಳು. ತಿಂಗಳಿಗೊಂದು ಬೇಕೆಂದು ಹೇಳಿದ್ದು ಯಾರೆಂದು ನೊಲೀನ್ ಕೇಳಿದಳು. ಡೀಡ್ರ ಹಳೆಯ ಕಾಗದಗಳನ್ನೆಲ್ಲ ಹುಡುಕಿದಳು. ಯಾರೂ ಹೇಳಿರಲಿಲ್ಲ.

ಇಷ್ಟರಲ್ಲಿ ಕೋರೊ, ತಾವು ಗುರುವಾರಗಳಂದು ಬಂದು ಅಂಗಳದಲ್ಲಿ ಕೂರಬಹುದೇ ಎಂದು ಕೇಳಿದ್ದರು. ಕೂರುವವರಿಗೆ ಪೊಲೀಸರ ಒಪ್ಪಿಗೆಯ ಫಾರ್ಮು ಬೇಕೆಂದು ಡೀಡ್ರ ಹೇಳಿದಳು. ಅವರು ಫಾರ್ಮನ್ನು ಅಂಚಿನ ತನಕ ತುಂಬಿ ಕೊಟ್ಟು, ಒಪ್ಪಿಗೆ ಬರುವ ತನಕ ಬೇಲಿಯಾಚೆ ಬೀದಿಯ ಬೆಂಚಿನ ಮೇಲೆ ಕೂತರು. ಒಪ್ಪಿಗೆ ಬಂದ ಗುರುವಾರ ಬೇಲಿಯೀಚೆ ಬಂದರು. ಕಥೆ ಬಾಕಿಯಿರುವ ಮಕ್ಕಳ ಹೆಸರನ್ನು ನೊಲೀನ್ ಕೊಟ್ಟಳು. ಸಂಜೆ ಅವರು ತಾವು ಕಂಡದ್ದನ್ನು ಬರೆದ ಚೀಟಿಗಳನ್ನು ಕೊಟ್ಟರು. ಚೀಟಿ ಓದಿ, ಮಾರನೆಯ ದಿನ ತಾನೂ ಆ ಮಗುವನ್ನು ನೋಡಿ, ಆಮೇಲೆಯೇ ಬರೆಯುವುದೆಂದು ಅವಳು ನಿಯಮ ಮಾಡಿಕೊಂಡಳು.

ಇಸ್ಲಾಳ ಚೀಟಿ ಚಿಕ್ಕದಾಗಿತ್ತು. '10.40ರಿಂದ 10.55. ಮರದ ಕೆಳಗೆ ಕೂತಳು. ಏನೂ ಮಾಡಲಿಲ್ಲ. ಚೆನ್ನಾಗಿ ಮಾಡಿದಳು.'

ಶುಕ್ರವಾರ ನೊಲೀನ್ ಹತ್ತು ನಲವತ್ತಕ್ಕೆ ಮರದಿಂದ ಸ್ವಲ್ಪ ದೂರದಲ್ಲಿ ಕೂತಳು. ಇಸ್ಲಾ ಬಂದು ಕೂತಳು. ಹದಿನೈದು ನಿಮಿಷ ಇಬ್ಬರೂ ಕೂತಿದ್ದರು. ನೊಲೀನ್ ಕಂಡದ್ದನ್ನು ಕಂಡಂತೆ ಬರೆದಳು. ಕೆಳಗೆ 'ಮುಂದೇನು' ಎಂಬ ಜಾಗವಿತ್ತು. ಅಲ್ಲಿ ಬಹಳ ಹೊತ್ತು ಪೆನ್ನು ಹಿಡಿದು, 'ಆ ಮರದ ಕೆಳಗೆ ಇನ್ನೊಂದು ಮಣೆ ಹಾಕುತ್ತೇವೆ. ಯಾರಾದರೂ ಬಂದರೆ ಬರಲಿ,' ಎಂದು ಬರೆದಳು.

ಸಂಜೆ ಕೆರಿನ್ ಕಾರನ್ನು ಆರಿಸದೆ ಗೇಟಿನಲ್ಲಿ ನಿಂತು ಪುಟ ಓದಿದಳು. ಒಮ್ಮೆ ಮಗುವಿನ ಕಡೆ ನೋಡಿ, ಮತ್ತೊಮ್ಮೆ ಓದಿದಳು.

"ಮನೇಲೂ ಹೀಗೇ ಕೂರ್ತಾಳೆ," ಎಂದಳು. "ಮೆಟ್ಟಿಲ ಮೇಲೆ."

"ಎಷ್ಟು ಹೊತ್ತು?" ಎಂದಳು ನೊಲೀನ್.

"ನೋಡಿಲ್ಲ." ಕೆರಿನ್ ನೊಲೀನಳ ಕೈಯಿಂದ ಪೆನ್ನು ತೆಗೆದುಕೊಂಡು, ಬಾನೆಟ್ಟಿನ ಮೇಲೆ ಫೈಲಿಟ್ಟುಕೊಂಡು, ಆ ನಾಲ್ಕು ಗೆರೆಗಳಲ್ಲಿ ಮೊದಲನೆಯದರ ಮೇಲೆ ಬರೆಯತೊಡಗಿದಳು. ಹಿಂದೆ ಕಾದಿದ್ದ ಕಾರಿನವನು ಒಮ್ಮೆ ಹಾರ್ನ್ ಮಾಡಿದ. ಅವಳು ತಲೆ ಎತ್ತಲಿಲ್ಲ.