ಪೆತ್ರೋನಾ ಕೂತು ಹೋದ ಅಡುಗೆಮನೆಗಳು

ಹನ್ನೊಂದನೆಯ ಸಲ ಪೆತ್ರೋನಾಳ ಶವಪೆಟ್ಟಿಗೆಯನ್ನು ಕುರ್ಚಿಗಳ ಮೇಲೆ ಇಳಿಸಿ, ದೋಣಿ ನಡೆಸುವ ದೆಲ್ಫಿನ್ ಹೆಗಲು ನೀವಿಕೊಂಡ. "ನಮ್ಮ ದೊಡ್ಡಮ್ಮ ಎಷ್ಟು ಮನೇಲಿ ಕಾಫಿ ಕುಡಿದಿದ್ದಾಳೆ ಅಂತ ಮೊದಲೇ ಕೇಳ್ಕೊಂಡು ಆಮೇಲೆ ಹೆಗಲು ಕೊಡಬೇಕಾಗಿತ್ತು" ಅಂದ. ಸುತ್ತ ನಿಂತವರು ನಕ್ಕರು. ಬೆಳಿಗ್ಗೆಯಿಂದ ಅತ್ತೂ ಅತ್ತೂ ಕಣ್ಣು ಕೆಂಪಾಗಿದ್ದವನೂ ಅವನೇ, ಈಗ ಎಲ್ಲರನ್ನೂ ನಗಿಸುತ್ತಿದ್ದವನೂ ಅವನೇ.

ನಮ್ಮ ಹೊಳೆದಂಡೆಯ ಊರಿನಲ್ಲಿ ಒಂದು ಪದ್ಧತಿ ಇದೆ. ಸತ್ತವರು ಯಾರ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಿದ್ದರೋ ಆ ಮನೆಯವರು ದಾರಿಗೆ ಎರಡು ಕುರ್ಚಿ ತಂದಿಡಬೇಕು, ಪೆಟ್ಟಿಗೆ ಅಲ್ಲಿ ಇಳಿಯಬೇಕು. ಜಗಲಿಯಲ್ಲಿ ಕುಡಿದದ್ದು ಲೆಕ್ಕಕ್ಕಿಲ್ಲ. ಸತ್ತವರ ಪಾಲಿನ ಕಾಫಿಯನ್ನು ಮನೆಯವರೇ ಕುಡಿದು, ಅವರು ಯಾಕೆ ಒಳಗೆ ಬಂದಿದ್ದರೆಂದು ಎಲ್ಲರೆದುರು ಹೇಳಬೇಕು. ಹೆಣದ ಮುಂದೆ ಸುಳ್ಳು ಹೇಳುವಂತಿಲ್ಲ. ಸಾಮಾನ್ಯರಿಗೆ ಮೂರೋ ನಾಲ್ಕೋ ಮನೆಯಾಗುತ್ತವೆ. ಹೋದ ವರ್ಷ ತೀರಿಕೊಂಡ ಪುರಸಭೆಯ ಅಧ್ಯಕ್ಷರಿಗೆ ಎರಡೇ ಆಗಿದ್ದು, ಅದರಲ್ಲಿ ಒಂದು ಅವರ ಮಾವನ ಮನೆ.

ಪೆತ್ರೋನಾ ಮೂವತ್ತಾರು ವರ್ಷ ಶಾಲೆಯ ಗೇಟು ಕಾದವಳು. ಅವಳಿಗೆ ಕಾಫಿಯ ಚಟ, ಯಾರ ಮನೆಯ ಒಲೆ ಹೊತ್ತಿದರೂ ಅವಳ ಮೂಗಿಗೆ ತಿಳಿಯುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅವಳೂ ಅಲ್ಲವೆಂದವಳಲ್ಲ. ಇವತ್ತು ಮಾತ್ರ ಒಂದೊಂದು ಮನೆಯ ಮುಂದೆಯೂ ಬೇರೆಯದೇ ಕಾರಣ ಹೊರಬೀಳುತ್ತಿತ್ತು. ಬೇಕರಿಯ ತೂಲಿಯಾ ತನ್ನ ಮಗ ಪರೀಕ್ಷೆಯ ದಿನ ಬೆಳಿಗ್ಗೆ ವಾಂತಿ ಮಾಡಿಕೊಂಡು ಮಂಚದಡಿ ಸೇರುತ್ತಿದ್ದನೆಂದೂ, ಪೆತ್ರೋನಾ ಬಂದು ಕೈಹಿಡಿದು ಶಾಲೆಯವರೆಗೆ ನಡೆಸುತ್ತಿದ್ದಳೆಂದೂ ಹೇಳಿದಳು. ಮನೆಯ ಸುದ್ದಿಗೆ ಎಂದೂ ಬಾಯಿಬಿಡದ ಔಷಧಿ ಅಂಗಡಿಯವರು, ಮಗಳು ಎರಡು ತಿಂಗಳು ಸರಿಯಾಗಿ ಉಣ್ಣದೆ, ಯಾರೊಂದಿಗೂ ಮಾತಾಡದೆ ಇದ್ದದ್ದನ್ನು ಹೇಳಿದರು. ಈಗ ನರ್ಸ್ ಆಗಿರುವ ಆ ಮಗಳು ಪಕ್ಕದಲ್ಲೇ ನಿಂತು ಅಪ್ಪನ ಬೆನ್ನು ತಟ್ಟುತ್ತಿದ್ದಳು.

"ನಿಮ್ಮನೇಲೂನಾ?" ಅಂದಳು ತೂಲಿಯಾ. "ಎದುರುಮನೇಲೇ ಇದ್ದೀನಲ್ಲ, ನಂಗೊಂದು ಮಾತು ಹೇಳ್ಬಾರದಿತ್ತಾ?"

"ನೀವು ಹೇಳಿದ್ರಾ?" ಅಂದರು ಅವರು.

ಇಬ್ಬರೂ ಮುಖ ಮುಖ ನೋಡಿಕೊಂಡು ನಗತೊಡಗಿದರು.

ಗುಂಪಿನ ಕೊನೆಯಲ್ಲಿದ್ದ ನೋರಿಸ್ ಮಾತ್ರ ನಗಲಿಲ್ಲ. ಮಕ್ಕಳಿಗೆ ಸಮವಸ್ತ್ರ ಹೊಲಿಯುವ ಅವಳ ಮನೆ ಬೀದಿಯ ತುದಿಯಲ್ಲಿ, ಸ್ಮಶಾನಕ್ಕೆ ತಿರುಗುವ ಮುಂಚೆ ಕೊನೆಯದು. ಅದರ ನೀಲಿ ಬಾಗಿಲು ಮುಚ್ಚಿತ್ತು. ಹದಿನಾಲ್ಕರ ಮಗಳು ಯೂರಾನಿ ಬಾರಾಂಕಿಯಾ ನಗರದ ಸೋದರತ್ತೆಯ ಮನೆಗೆ ಹೋಗಿದ್ದಾಳೆಂದು ಅವಳು ಊರಿಗೆಲ್ಲ ಹೇಳಿದ್ದಳು. ಯೂರಾನಿ ಏಳು ವಾರಗಳಿಂದ ಆ ಬಾಗಿಲಿನ ಹಿಂದೆಯೇ ಇದ್ದಳು.

*

ಮಗಳು ಶಾಲೆ ಬಿಟ್ಟು ಎರಡು ವಾರವಾಗಿದ್ದಾಗ, ಒಂದು ಮಂಗಳವಾರ ಪೆತ್ರೋನಾ ಬಂದಿದ್ದಳು. ನೋರಿಸ್ ಅದೇ ಸೋದರತ್ತೆಯ ಕತೆ ಹೇಳಿದಳು. ಪೆತ್ರೋನಾ ಹೂಂಗುಟ್ಟಿ, ಕಾಫಿ ಕೇಳಿ, ನೇರ ಅಡುಗೆಮನೆಗೆ ನಡೆದಳು. ಅಲ್ಲಿ ಎರಡು ತಟ್ಟೆಗಳಿದ್ದವು. ಒಂದರಲ್ಲಿ ಅನ್ನ ಹಾಗೇ ಒಣಗಿತ್ತು.

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನೋರಿಸ್ ಸಿಡುಕಿದಳು. "ಸೋಮಾರಿತನ ಅಷ್ಟೇ ಅಮ್ಮ. ನಾಲ್ಕೇಟು ಬಿಟ್ರೆ ತಾನೇ ಸರಿಹೋಗ್ತಾಳೆ."

"ಸೋಮಾರಿ ಮಕ್ಕಳನ್ನ ನಾನು ಕಾಣದವಳಾ? ಅವು ಗಂಟೆ ಹೊಡೆದ ಮೇಲೆ ಬಿದ್ದೆನೋ ಎದ್ದೆನೋ ಅಂತ ಓಡಿ ಬರ್ತವೆ. ನಿನ್ನ ಮಗಳು ಎಲ್ಲರಿಗಿಂತ ಮುಂಚೆ ಬರೋಳು ನೋರಿಸ್. ಬಂದು, ಗೇಟಿನ ಮುಂದೆ ಒಂದು ಸಲ ಉಸಿರು ಹಿಡಿದು ಆಮೇಲೆ ಒಳಗೆ ಕಾಲಿಡೋಳು. ದಿನಾ."

ಆಮೇಲೆ ಅವಳು ಯೂರಾನಿಯ ಕೋಣೆಯ ಮುಂದೆ ಮಣೆ ಎಳೆದುಕೊಂಡು ಕೂತು, ಮುಚ್ಚಿದ ಬಾಗಿಲಿಗೆ ಶಾಲೆಯ ಸುದ್ದಿ ಹೇಳಿದಳು. ಗಣಿತದ ಮೇಷ್ಟ್ರ ಪ್ಯಾಂಟು ಹರಿದದ್ದು, ಒಂದು ನಾಯಿ ತರಗತಿಗೆ ನುಗ್ಗಿ ಮುಂದಿನ ಸಾಲಿನಲ್ಲೇ ಮಲಗಿದ್ದು. ಹೊರಗೆ ಬಾ ಎಂದು ಒಂದು ಸಲವೂ ಕರೆಯಲಿಲ್ಲ. ಶಾಲೆಯಲ್ಲೂ ಅವಳು ಸುಮ್ಮನೆ ಕೂರಲಿಲ್ಲ. ಹೆಡ್‌ಮಾಸ್ಟರ್ ಅಬೆಲಾರ್ದೊ ಅವರ ಬೆನ್ನುಹತ್ತಿ, ಹುಡುಗಿಯ ಹೆಸರು ಹೊಡೆದುಹಾಕದಂತೆ ನೋಡಿಕೊಂಡಳು. ಯೂರಾನಿ ಶಾಲೆಗೆ ಮರಳುವ ದಿನ ಹಿಂದಿನ ಗೇಟಿನಿಂದ ಬಂದು ಒಂದೇ ಗಂಟೆ ಲೈಬ್ರರಿಯಲ್ಲಿ ಕೂತು ಹೋಗಬಹುದು, ತಿಂಗಳಿಗೊಮ್ಮೆ ಲಾಂಚಿನಲ್ಲಿ ಬರುವ ಮನಸ್ಸಿನ ಡಾಕ್ಟರನ್ನು ಮೊದಲು ಅವಳೇ ಕಾಣಬಹುದು ಎಂದು ಒಪ್ಪಿಸಿದಳು.

ಐದನೆಯ ಮಂಗಳವಾರ ಒಳಗಿನಿಂದ ದನಿ ಬಂತು. "ಆ ನಾಯಿ ಮತ್ತೆ ಬಂತಾ?"

ಸೌದೆ ಒಟ್ಟಿದ್ದ ಮೂಲೆಯಲ್ಲಿ ನಿಂತು ನೋರಿಸ್ ಲಂಗದ ಅಂಚಿನಲ್ಲೇ ಕಣ್ಣೊರೆಸಿಕೊಂಡಿದ್ದಳು. ಆ ಭಾನುವಾರವೇ ಪೆತ್ರೋನಾ ಅಂಗಳ ಗುಡಿಸುತ್ತಾ ಕುಸಿದು ತೀರಿಕೊಂಡಳು. ನೋರಿಸ್ ಬಾಗಿಲಿನಾಚೆಯಿಂದಲೇ ಮಗಳಿಗೆ ಸುದ್ದಿ ಹೇಳಿದಳು.

*

ಹತ್ತೊಂಬತ್ತನೆಯ ಮನೆಯ ಕುರ್ಚಿಗಳನ್ನು ಹೆಡ್‌ಮಾಸ್ಟರರೇ ಹೊತ್ತು ತಂದರು. ಅವರಿಗೆ ಮಕ್ಕಳಿಲ್ಲವಲ್ಲ ಎಂದು ಜನ ಗುಸುಗುಸು ಮಾಡುವಷ್ಟರಲ್ಲಿ ಅವರು ಕಾಫಿ ಕುಡಿದು ಮುಗಿಸಿದ್ದರು.

"ನನಗೋಸ್ಕರವೇ ಬಂದಿದ್ದಳು" ಅಂದರು. "ಹೆಂಡತಿ ತೀರಿಕೊಂಡ ವರ್ಷ ನಂಗೆ ಶಾಲೆಯೊಳಗೆ ಕಾಲಿಡೋಕೆ ಆಗ್ತಿರಲಿಲ್ಲ. ‘ಮೇಷ್ಟ್ರೇ, ಬೇಗ ರೆಡಿಯಾಗಿ, ತಡವಾಗಿ ಬಂದವರ ಪಟ್ಟೀಲಿ ನಿಮ್ಮ ಹೆಸರು ಬರೆಯೋಕೆ ನಂಗೆ ನಾಚಿಕೆ’ ಅಂದಳು."

ಜನ ನಕ್ಕರು, ಅವರೂ ನಕ್ಕರು. ಪೆಟ್ಟಿಗೆ ಮತ್ತೆ ಮೇಲೆದ್ದಿತು. ಮುಂದೆ ನೀಲಿ ಬಾಗಿಲು. ಅಲ್ಲಿ ಕುರ್ಚಿ ಇರಲಿಲ್ಲವಾದ್ದರಿಂದ ದೆಲ್ಫಿನ್ ಸ್ಮಶಾನದ ಕಡೆಗೆ ತಿರುಗಿದ. ಹೀಗೆಯೇ ಸುಮ್ಮನಿದ್ದರೆ ತನ್ನ ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ ಎಂದು ನೋರಿಸ್‌ಗೆ ಗೊತ್ತಿತ್ತು. ನಾಳೆ ಮಂಗಳವಾರ ಮಗಳ ಕೋಣೆಯ ಮುಂದೆ ಕೂರುವವರು ಯಾರೂ ಇರುವುದಿಲ್ಲ ಎಂದೂ ಗೊತ್ತಿತ್ತು.

"ದೆಲ್ಫಿನ್, ನಿಲ್ಲಪ್ಪ."

ಅವಳು ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. "ಯೂರಾನಿ ಎಲ್ಲೂ ಹೋಗಿಲ್ಲ. ಒಳಗಿದ್ದಾಳೆ. ನಾನು ಸೋಮಾರಿ ಅಂತ ಬೈದೆ. ಪೆತ್ರೋನಮ್ಮ ಐದು ಮಂಗಳವಾರ ಬಂದು ಬಾಗಿಲ ಹತ್ರ ಕೂತರು. ಇನ್ನು ಮೇಲೆ ಏನು ಮಾಡಬೇಕೋ ನಂಗೆ ತಿಳೀತಿಲ್ಲ."

ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ತೂಲಿಯಾ ಮಂಗಳವಾರ ತನ್ನ ಬೇಕರಿಗೆ ರಜೆ, ತಾನು ಬರುತ್ತೇನೆಂದಳು. ನರ್ಸ್ ಹುಡುಗಿ ಶುಕ್ರವಾರ ತನ್ನದು ಅಂದಳು. ಹೊಸಬರು ಸಿಗುವವರೆಗೆ ಹಿಂದಿನ ಗೇಟಿನಲ್ಲಿ ತಾನೇ ನಿಲ್ಲುತ್ತೇನೆಂದು ಹೆಡ್‌ಮಾಸ್ಟರ್ ಹೇಳಿದರು. ಯಾರಿಗೆ ಯಾವ ದಿನವೆಂದು ಸಣ್ಣ ಜಗಳವೇ ಶುರುವಾಯಿತು.

"ಎಲ್ಲಾ ಸರಿ, ಆದ್ರೆ ನಮ್ಮ ಹೆಗಲು ಬಿದ್ದೋಗ್ತಿದೆ" ಅಂದ ದೆಲ್ಫಿನ್. "ಕುರ್ಚಿ ಎಲ್ಲಮ್ಮ?"

ಚಿಲಕ ಸರಿದ ಸದ್ದಾಯಿತು. ನೀಲಿ ಬಾಗಿಲಿನಿಂದ ಮೊದಲು ಕುರ್ಚಿಯೊಂದರ ಕಾಲು ಹೊರಬಂತು, ಆಮೇಲೆ ಇಡೀ ಕುರ್ಚಿ, ಅದರ ಹಿಂದೆ ಇನ್ನೊಂದು. ಬಾಚದ ಕೂದಲು, ಮಲಗುವ ಬಟ್ಟೆಯಲ್ಲೇ ಯೂರಾನಿ ಬೀದಿಗಿಳಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಪೆಟ್ಟಿಗೆಯ ಉದ್ದವನ್ನೊಮ್ಮೆ ನೋಡಿ, ಎರಡನೆಯ ಕುರ್ಚಿಯನ್ನು ಬರಿಗಾಲಿನಿಂದ ಒಂದು ಗೇಣು ಆಚೆಗೆ ಸರಿಸಿದಳು.