ಮೊದಲ ಗುಟುಕು

ಅಂಟಿನ ಡಬ್ಬದ ಮೇಲಿನ ಹೆಸರು ಓದಿದ ಕೂಡಲೇ ಜಾಡಿಯಕ್ಕನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಎದ್ದಿತು. ಬಿಸ್ಕತ್ತಿನ ಪೊಟ್ಟಣ ಮಾಡುವ ಆ ಕಾರ್ಖಾನೆಯಲ್ಲಿ ಸದಾ ಗಾಜಿನ ಜಾಡಿಗಳ ನಡುವೆ ಇರುವ ಅವಳಿಗೆ ಜೊತೆಯವರು ಇಟ್ಟ ಹೆಸರು ಅದು. ಪೊಟ್ಟಣದ ಅಂಟು ತಿನ್ನುವ ಪದಾರ್ಥಕ್ಕೆ ಇಳಿಯುತ್ತದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಅವಳ ಕೆಲಸ. ಈ ಡಬ್ಬ ಬಂದಿದ್ದು ಅವಳ ಭಾವನ ಕಂಪನಿಯಿಂದ.

ಎಂಟು ವರ್ಷದ ಹಿಂದೆ ಅವಳ ಗಂಡ ಊಟ ಮುಗಿಸಿ ಎದ್ದವನು ಅಲ್ಲೇ ಕುಸಿದು ಸತ್ತಿದ್ದ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರೂ, ಗಂಡನ ಅಣ್ಣನಾದ ಈ ಭಾವ ಹೆಣ ಎತ್ತುವ ಮೊದಲೇ ನೆರೆದವರ ಮುಂದೆ ಕೂಗಿದ್ದ: "ಇವಳ ಕೈ ನೀರೂ ವಿಷ! ಯಾರೂ ಮುಟ್ಟಬೇಡಿ." ತಮ್ಮನ ಪಾಲು ಅವಳಿಗೆ ಹೋಗಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು. ಅತ್ತೆ ಮಗನ ಮಾತು ನಂಬಿದಳು. ಸೊಸೆ ತಂದುಕೊಟ್ಟ ಲೋಟದ ನೀರನ್ನು ಅವಳೆದುರೇ ಬಚ್ಚಲಿಗೆ ಸುರಿದಳು. ಆ ಸದ್ದು ಜಾಡಿಯಕ್ಕನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಈಗ ಭಾವನ ಜುಟ್ಟು ಅವಳ ಕೈಯಲ್ಲಿತ್ತು. 'ಫೇಲ್' ಎಂದು ಬರೆದರೆ ಸಾಕು, ಕೇಳುವವರು ಯಾರು? ಆದರೆ ಸುಳ್ಳು ಹೇಳಿ ಮುಗಿಸಿದರೆ ತಾನೂ ಆ ಮನೆಹಾಳನ ಜಾತಿಗೇ ಸೇರಿದಂತೆ. ಅಂಟು ಬಳಿದ ಹಾಳೆಯ ಚೂರುಗಳನ್ನು ನೀರಲ್ಲಿ, ಹುಳಿಯಲ್ಲಿ, ಎಣ್ಣೆಯಲ್ಲಿ ಮುಳುಗಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟು, ಕೆಟ್ಟದ್ದೇನಾದರೂ ಸಿಗಲಿ ಎಂದು ಹಲ್ಲು ಕಚ್ಚಿ ಕಾದಳು. ಪರೀಕ್ಷೆಯ ಯಂತ್ರಕ್ಕೆ ಏನೂ ಸಿಗಲಿಲ್ಲ. ಹಾಳಾದ್ದು, ಅಂಟು ಅಪ್ಪಟ ಶುದ್ಧ!

ಉಳಿದದ್ದು ಬಾಯಿಯ ಪರೀಕ್ಷೆ. ಚೂರು ನೆನೆಸಿದ ನೀರಿಗೆ ವಾಸನೆ, ರುಚಿ ಬಂದಿದೆಯೇ ಎಂದು ಕುಡಿದು ನೋಡುವುದು. 'ಅಂಟು ತಂದವರೇ ಮೊದಲ ಗುಟುಕು ಕುಡಿಯಬೇಕು' ಎಂಬುದು ಅಲ್ಲಿನ ಯಜಮಾನರ ಕಟ್ಟಪ್ಪಣೆ. ಅದು ನೆನಪಾದಾಗ ಜಾಡಿಯಕ್ಕ ಎಷ್ಟೋ ದಿನದ ಮೇಲೆ ನಕ್ಕಳು.

ಒಪ್ಪಂದದ ದಿನ ಭಾವ ತಾಯಿಯನ್ನೂ ಕರೆತಂದಿದ್ದ. ಕಂಪನಿ ಇನ್ನೂ ಅವಳ ಹೆಸರಲ್ಲೇ ಇದ್ದುದರಿಂದ ಸಹಿ ಅವಳದೇ ಆಗಬೇಕಿತ್ತು. ಜಾಡಿಯಕ್ಕ ಯಜಮಾನರ ಕೋಣೆಯೊಳಗೆ ಬಂದು, ಜಾಡಿಯಿಂದ ಚೂರು ನೆನೆಸಿದ ನೀರು ಬಗ್ಗಿಸಿ, ಲೋಟವನ್ನು ಅವನ ಮುಂದಿಟ್ಟಳು.

"ಕುಡೀರಿ ಭಾವ."

ಅವನು ಲೋಟ ಮುಟ್ಟಲಿಲ್ಲ. ಕುಡಿದರೆ ತಾಯಿಯ ಮುಂದೆ ಹಳೆಯ ಸುಳ್ಳು ಬಯಲು, ಬಿಟ್ಟರೆ ವ್ಯಾಪಾರಕ್ಕೆ ಕಲ್ಲು. ಬಾಯಿಗೆ ಬಿದ್ದ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಯಾಕ್ರೀ, ನಿಮ್ಮ ಅಂಟಿನ ಮೇಲೆ ನಿಮಗೇ ನಂಬಿಕೆ ಇಲ್ವಾ?" ಯಜಮಾನರು ಹುಬ್ಬು ಗಂಟಿಕ್ಕಿದರು.

"ಅಂಟಿಗೇನಿಲ್ಲ ಸಾರ್. ಬೇರೆ ಯಾರಾದ್ರೂ ಬಗ್ಗಿಸಿ ಕೊಟ್ರೆ..."

"ನನ್ನ ಕೈಗೇನಾಗಿದೆ ಭಾವ? ಎಲ್ಲರಿಗೂ ಕೇಳೋ ಹಾಗೆ ಹೇಳಿ," ಎಂದಳು ಜಾಡಿಯಕ್ಕ.

ಅವನು ಒಪ್ಪಂದದ ಕಾಗದ ನೋಡಿದ. ದುರಾಸೆ ಗೆದ್ದಿತು. ಲೋಟ ಎತ್ತಿ ಗಟಗಟ ಕುಡಿದ.

"ಏನಾದ್ರೂ ವಿಷ ಇತ್ತಾ?"

"ಇಲ್ಲ."

"ಜೋರಾಗಿ."

"ವಿಷ ಇಲ್ಲ! ಸಾಕಾ?"

ಆ ಎರಡು ಪದಕ್ಕಾಗಿ ಅವಳು ಎಂಟು ವರ್ಷ ಉರಿದಿದ್ದಳು. 'ಅಂಟು ಸುರಕ್ಷಿತ' ಎಂದು ಬರೆದು ತನ್ನ ಸಹಿ ಹಾಕಿದಳು. ಹೊಟ್ಟೆ ತಣ್ಣಗಾಯಿತು.

"ಇವಳ ಕೈ ನೀರು ಕುಡಿದ್ಯಲ್ಲೋ?" ಅತ್ತೆ ಮಗನನ್ನು ಕೇಳಿದಳು. "ಹಂಗಾದ್ರೆ ಅವತ್ತು ಹೇಳಿದ್ದೆಲ್ಲಾ..."

"ಇದು ವ್ಯಾಪಾರ ಅಮ್ಮಾ. ಸುಮ್ನೆ ಸಹಿ ಹಾಕು."

ಮುದುಕಿ ಮಗನನ್ನೇ ದಿಟ್ಟಿಸಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಪಕ್ಕಕ್ಕೆ ತಳ್ಳಿದಳು. ಸೊಸೆಯತ್ತ ತಿರುಗಿ ಕೈ ಚಾಚಿದಳು.

"ನಂಗೂ ಒಂದು ಲೋಟ ನೀರು ಕೊಡ್ತೀಯೇನಮ್ಮಾ?"

ಜಾಡಿಯಕ್ಕ ಜಾಡಿ ಎತ್ತಿಕೊಂಡು ಮೂಲೆಯ ತೊಟ್ಟಿಯ ಬಳಿ ಹೋದಳು. ಉಳಿದ ನೀರನ್ನು ಅತ್ತೆಗೆ ಚೆನ್ನಾಗಿ ಕೇಳಿಸುವಂತೆ ನಿಧಾನವಾಗಿ ಸುರಿದಳು.

"ಪರೀಕ್ಷೆ ಮುಗೀತು ಅತ್ತೆ," ಎಂದು ಹೇಳಿ ಲೋಟವನ್ನು ಬೋರಲು ಹಾಕಿದಳು.