ಜಲಜಾ ನಾಮಿನಿಯಾದದ್ದು

ನನ್ನನ್ನು ಕಂಪನಿಯ ನಾಮಿನಿ ಮಾಡುವುದೆಂದು ತೀರ್ಮಾನವಾದ ದಿನ ಪಾಲಾರಿವಟ್ಟಂ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ನಮ್ಮದು ಉಪ್ಪಿನಕಾಯಿ ಕಂಪನಿ. ಮಾಲೀಕರಾದ ವಿಲ್ಸನ್ ಸರ್ ನನ್ನ ಹಾಗೆಯೇ ಮಂಗಳೂರಿನವರು. ಆದರೆ ಅವರ ಬಾಯಲ್ಲಿ ಕನ್ನಡ ಬರುವುದು ಬೈಯುವಾಗ, ಇಲ್ಲವೇ ಪುಸಲಾಯಿಸುವಾಗ ಮಾತ್ರ. ಅವತ್ತು ಅವರು ಕನ್ನಡದಲ್ಲಿ ಶುರುಮಾಡಿದಾಗಲೇ ನಾನು ಎಚ್ಚರವಾಗಬೇಕಿತ್ತು.

"ಜಲಜಾ, ಇನ್ನು ಆಹಾರ ಸುರಕ್ಷತೆಗೆ ಕಂಪನಿಯ ಪರವಾಗಿ ನೀವೇ ಜವಾಬ್ದಾರಿ. ಸರ್ಕಾರದ ದಾಖಲೆಯಲ್ಲಿ ನಿಮ್ಮ ಹೆಸರೇ ಇರ್ತದೆ. ನನ್ನದು ಸಹ ಇರುವುದಿಲ್ಲ!"

ಹನ್ನೊಂದು ವರ್ಷ ಗುಣಮಟ್ಟ ನೋಡಿಕೊಂಡವಳಿಗೆ ಕಡೆಗೂ ಮರ್ಯಾದೆ ಸಿಕ್ಕಿತೆಂದು ನಾನು ಹಿಗ್ಗಿದೆ. ನನ್ನ ಗಂಡ ವಿನಾಯಕ್ ಇರುವುದು ತಿರುವನಂತಪುರದ ಪಟ್ಟಂನಲ್ಲಿ, ಬ್ಯಾಂಕ್ ಕೆಲಸ. ಸುದ್ದಿ ಕೇಳಿದ್ದೇ ಕಚೇರಿಗೆಲ್ಲ ಲಾಡು ಹಂಚಿದರು. ಮಧ್ಯಾಹ್ನ ಅವರೇ ಫೋನ್ ಮಾಡಿದರು.

"ಮಾರಾಯ್ತಿ, ಸಹಿ ಹಾಕಿದ್ಯಾ?"

"ಸಂಜೆ ಹಾಕ್ಲಿಕ್ಕುಂಟು. ಎಂತಕ್ಕೆ?"

"ನಮ್ಮ ಬ್ಯಾಂಕಿನ ಲಾ ಆಫೀಸರ್ ಮೋಹಿನಿ ಮೇಡಂ ಈಗ ಹೇಳಿದ್ರು. ಉಪ್ಪಿನಕಾಯಿ ತಿಂದು ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಕೋರ್ಟಿನಲ್ಲಿ ನಿಲ್ಲುವುದು ನಾಮಿನಿಯಂತೆ. ಜೈಲು ಸಹ ಆಗ್ಬಹುದಂತೆ!"

"ಲಾಡು ತಿನ್ನುವ ಮೊದಲೇ ಹೇಳ್ಬಾರ್ದಿತ್ತಾ ಅವ್ರು?"

ಹೆದರಿಕೆಗಿಂತ ಮೊದಲು ನನಗೆ ಸಿಟ್ಟು ಬಂತು. ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆ, ಹಾಕಿದರೆ ನಾನೇ ಹೋಗಬೇಕಾದೀತು. ಅಷ್ಟರಲ್ಲಿ ಮೈಸೂರು ಕಡೆಯವರಾದ ಮೋಹಿನಿ ಮೇಡಂ ವಿನಾಯಕ್ ಕೈಯಿಂದ ಫೋನ್ ಇಸಿದುಕೊಂಡರು. "ಹಾಕೋದಾದ್ರೆ, ತಪ್ಪು ತಡೆಯೋ ಅಧಿಕಾರಾನೂ ಬರೆಸ್ಕೊಳ್ಳಿ. ಅದಕ್ಕೆ ಕಾನೂನಲ್ಲೇ ಅವಕಾಶ ಇದೆ."

ಬರೆಸಿಕೊಂಡೆ. ಅನುಮಾನ ಬಂದ ಮಾಲನ್ನು ಯಾರನ್ನೂ ಕೇಳದೆ ತಡೆಯುವ ಅಧಿಕಾರ ಜಲಜಾಳದ್ದು ಎಂಬ ಒಂದೇ ಸಾಲು. ವಿಲ್ಸನ್ ಸರ್ ಓದುವ ಗೋಜಿಗೆ ಹೋಗದೆ ಸಹಿ ಹಾಕಿದರು, ಕೆಳಗೆ ನಾನೂ ಹಾಕಿದೆ.

ಓಣಂಗೆ ಹತ್ತು ದಿನವಿತ್ತು. ಒಂದು ದಿನ ಬೆಳಿಗ್ಗೆ ಏಲೂರಿನ ನಮ್ಮ ಫ್ಯಾಕ್ಟರಿಗೆ ಹೋಗಿ ನೋಡಿದರೆ, ಲಾರಿಗೆ ಹತ್ತಿಸಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಪ್ಯಾಕೆಟ್‌ಗಳು ಒಳಗೆ ಮಾಲು ಕೆಟ್ಟ ಹಾಗೆ ಊದಿಕೊಂಡಿದ್ದವು. ನಾನು ಗೇಟಿಗೆ ಬೀಗ ಹಾಕಿಸಿದೆ. ಅರ್ಧ ಗಂಟೆಯಲ್ಲಿ ವಿಲ್ಸನ್ ಸರ್ ಹಾಜರಾದರು, ಕನ್ನಡದ ಸಮೇತ.

"ಬರೀ ಗಾಳಿ ಅದು! ಬೀಗ ಹಾಕ್ಲಿಕ್ಕೆ ಇದು ಯಾರ ಕಂಪನಿ?"

"ಕಂಪನಿ ನಿಮ್ದೇ ಸರ್. ಜೈಲು ಮಾತ್ರ ನಂದು."

ಬೀಗದ ಕೈಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

"ಹಾಗಾದ್ರೆ ಬೇರೆಯವರನ್ನು ನಾಮಿನಿ ಮಾಡ್ತೇನೆ. ನಾಳೆಯಿಂದ ನೀವು ಬರುವುದೇ ಬೇಡ!"

ಬೇರೆಯವರು ಎಲ್ಲಿಂದ ಬರಬೇಕು? ಲಾಡಿನ ಕಥೆ, ಜೈಲಿನ ಸಮೇತ, ಅಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು. ಉತ್ಪಾದನೆ ನೋಡಿಕೊಳ್ಳುವ ಕಾರ್ತಿಕೇಯನಿಗೆ ಇದ್ದಕ್ಕಿದ್ದಂತೆ ಸೊಂಟನೋವು ಬಂತು. ಅಕೌಂಟೆಂಟ್ ಜೋಸೆಫ್, ಹೆಂಡತಿಯನ್ನು ಕೇಳಬೇಕು ಎಂದರು. ಸಂಜೆಯಾದರೂ ಒಬ್ಬರೂ ಪೆನ್ನು ಮುಟ್ಟಲಿಲ್ಲ. ಯಾರ ಹೆಸರೂ ಇಲ್ಲದಿದ್ದರೆ ಕಂಪನಿ ನಡೆಸುವವರನ್ನೇ ಹಿಡಿಯುತ್ತಾರೆಂದು ಕಡೆಗೆ ಜೋಸೆಫರೇ ತಲೆ ಕೆರೆದುಕೊಳ್ಳುತ್ತ ಹೇಳಿದರು.

ವಿಲ್ಸನ್ ಸರ್ ನೆಟ್ಟಗೆ ಲಾರಿಯ ಹತ್ತಿರ ಹೋದರು. ಒಂದು ಪ್ಯಾಕೆಟ್ ತೆಗೆದು ಕತ್ತರಿಸಿ ಮೂಸಿದರು. ಮುಖ ಹುಳ್ಳಗಾಯಿತು.

"ಇದನ್ನು ತಿಂದ್ರೆ ಎಂತ ಆಗ್ತದೆ?"

"ತಿಂದವರು ಆಸ್ಪತ್ರೆಗೆ ಸರ್. ನಿಮ್ಮ ವಿಷಯ ಮೋಹಿನಿ ಮೇಡಂ ಹತ್ರ ಕೇಳ್ಬೇಕು."

"ಎಲ್ಲ ಇಳಿಸಿ!" ಅವರು ಕೂಗಿದರು. "ವಿಷ ಇದು! ಒಂದು ಪ್ಯಾಕೆಟ್ ಸಹ ಹೊರಗೆ ಹೋಗ್ಬಾರ್ದು. ಜಲಜಾ, ನಾಳೆ ಸ್ವಲ್ಪ ಬೇಗ ಬನ್ನಿ."

ಇನ್ನೊಮ್ಮೆ ಯಾರೂ ತಮ್ಮ ಗೇಟಿಗೆ ಬೀಗ ಹಾಕಬಾರದೆಂದೋ ಏನೋ, ಕಾಗದದಲ್ಲಿ ನಾಮಿನಿ ಎಂದಿದ್ದ ಕಡೆ ನನ್ನ ಹೆಸರು ಹೊಡೆದು ತಮ್ಮದನ್ನು ಬರೆದರು. ನನ್ನ ಕೆಲಸ ಉಳಿಯಿತು. ಬಸ್ಸಿನಲ್ಲಿ ಕೂತ ಮೇಲೆ ಒಬ್ಬಳೇ ನಕ್ಕೆ, ಆದರೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಬೆಳಿಗ್ಗೆ ನನ್ನ ಹೆಸರಿದ್ದಾಗ ಆ ಪ್ಯಾಕೆಟ್‌ಗಳಲ್ಲಿ ಇದ್ದದ್ದು ಬರೀ ಗಾಳಿ. ಸಂಜೆ ಅವರ ಹೆಸರು ಬರುವ ಹೊತ್ತಿಗೆ ಅದೇ ವಿಷವಾಗಿತ್ತು.